ಛೇದ ಎಲ್ಲಿದೆ?

ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡ್ತೀನಿ ಅಂದ್ರೆ ಮದುವೆಮನೆಗಳಲ್ಲಿ ಜನ ಖುಷಿಯಿಂದ ಪಕ್ಕಕ್ಕೆ ಬಂದು ಕೂರ್ತಾರೆ. ಯಾವ ಸಬ್ಜೆಕ್ಟು ಅಂತ ಕೇಳಿ, "ಕಮ್ಯುನಿಟಿ ಮೆಡಿಸಿನ್" ಅಂದ ಕೂಡಲೇ "ಓಹೋ" ಅಂದು ಊಟದ ಹಾಲ್ ಕಡೆ ಎದ್ದು ಹೋಗ್ತಾರೆ :-) ಹಿಂದೆ ಇದಕ್ಕೆ ಹೈಜೀನ್ ಅಂತಿದ್ರು, ಆಮೇಲೆ ಪಿ.ಎಸ್.ಎಂ. ಆಯ್ತು. ಹುಡುಗರ ಬಾಯಲ್ಲಿ ಮಾತ್ರ ಯಾವತ್ತಿದ್ರೂ "ಕಕ್ಕಸು ಗುಂಡಿ ಸಬ್ಜೆಕ್ಟು". ಪಾರ್ಕ್ ಬರೆದ ದಪ್ಪ ಪುಸ್ತಕ ಹಾಸ್ಟೆಲ್‌ನಲ್ಲಿ ದಿಂಬಾಗಿ ಕೆಲಸಕ್ಕೆ ಬರುತ್ತೆ, ಪರೀಕ್ಷೆಗೆ ಹತ್ತು ದಿನ ಇರುವಾಗ ಪುಸ್ತಕವಾಗುತ್ತೆ.

ಎಪಿಡೆಮಿಯಾಲಜಿ ಪಾಠ ಶುರು ಮಾಡೋದು ಎಲ್ಲರೂ ಲಂಡನ್ನಿಂದಲೇ. 1854, ಕಾಲರಾ, ಬ್ರಾಡ್ ಸ್ಟ್ರೀಟಿನ ಪಂಪು, ಜಾನ್ ಸ್ನೋ. ಒಳ್ಳೇ ಕಥೆ, ನಾನೂ ಹೇಳ್ತೀನಿ. ಆದ್ರೆ ನಮ್ಮ ಹುಡುಗರಿಗೆ ಲಂಡನ್ನಿಗಿಂತ ಶ್ರೀರಂಗಪಟ್ಟಣ ಹತ್ತಿರ ಅಲ್ವಾ? ಅದಕ್ಕೇ ಪ್ರತಿ ವರ್ಷ ಒಂದು ಬ್ಯಾಚನ್ನ ಅಲ್ಲಿನ ಗ್ಯಾರಿಸನ್ ಸ್ಮಶಾನಕ್ಕೆ ಕರ್ಕೊಂಡು ಹೋಗ್ತೀನಿ. ಬೆಂಗಳೂರು-ಮೈಸೂರು ರಸ್ತೆಯಿಂದ ಸ್ವಲ್ಪವೇ ಒಳಗೆ, ಕಾವೇರಿ ದಡದಲ್ಲಿದೆ. ಟಿಪ್ಪು ಬೇಸಿಗೆ ಅರಮನೆ ನೋಡಿ ನಿಮಿಷಾಂಬಾಗೆ ಓಡೋ ನಾವ್ಯಾರೂ ಒಳಗೆ ಕಾಲಿಡೋದಿಲ್ಲ. ಸುಮಾರು 300 ಸಮಾಧಿಗಳಿವೆ. 1799ರ ಯುದ್ಧದ ನಂತರ ಇಲ್ಲಿ ಬೀಡುಬಿಟ್ಟ ಸೈನ್ಯದವರು, ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನ ಅಧಿಕಾರಿಗಳು, ಅವರ ಹೆಂಡತಿ ಮಕ್ಕಳು.

ಗೆದ್ದವರನ್ನ ಊರು ನೆಮ್ಮದಿಯಾಗಿ ಇರೋಕೆ ಬಿಡಲಿಲ್ಲ. ನದಿ, ಕಾಲುವೆ, ಗದ್ದೆ, ಸೊಳ್ಳೆ, ಜ್ವರ. ಆಗ ಅದು ಕೆಟ್ಟ ಗಾಳಿಯಿಂದ ಬರುತ್ತೆ ಅಂತ ನಂಬಿದ್ರು. ಮಲೇರಿಯಾ ಅನ್ನೋ ಹೆಸರಿನ ಅರ್ಥವೇ ಅದು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿಕೊಂಡು ಗಂಟುಮೂಟೆ ಕಟ್ಟಿದ್ರು. ತಮಾಷೆ ಅಂದ್ರೆ, 1883ರಲ್ಲಿ ಅದೇ ಬೆಂಗಳೂರಲ್ಲಿ ರೊನಾಲ್ಡ್ ರಾಸ್ ಅನ್ನೋ ಮಿಲಿಟರಿ ಡಾಕ್ಟ್ರು ನಿಂತ ನೀರಿಗೂ ಸೊಳ್ಳೆಗೂ ಇರೋ ನಂಟನ್ನ ಗಮನಿಸಿದ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡುಹಿಡಿದಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ಹುಡುಗರಿಗೆ ಕೆಲಸ ಕೊಡ್ತೀನಿ. ಅಕ್ಷರ ಅಳಿಸದ ಕಲ್ಲುಗಳಿಂದ ವಯಸ್ಸು, ಇಸವಿ ಬರ್ಕೊಳ್ಳಿ, ಮರಣ ಪ್ರಮಾಣ ಲೆಕ್ಕ ಹಾಕಿ ಅಂತ. ಕ್ಯಾಲ್ಕುಲೇಟರ್ ತೆಗೆದು ಕೂತವರು ಕಾಲು ಗಂಟೆಯಲ್ಲಿ ಗೊಣಗೋಕೆ ಶುರು. ಹೋದ ಸಲ ಒಬ್ಬ ಎದ್ದು ಬಂದ.

"ಮೇಡಂ, ಸತ್ತೋರು ಸಿಕ್ತಾರೆ. ಎಷ್ಟು ಜನರಲ್ಲಿ ಸತ್ರು ಅಂತ ಎಲ್ಲೂ ಬರ್ದಿಲ್ವಲ್ಲ?"

ಇಷ್ಟು ಕೇಳಿಸಿಕೊಳ್ಳೋಕೇ ನಾನು ಬಿಸಿಲಲ್ಲಿ ನಿಂತಿರ್ತೀನಿ. ಅಂಶ ಇದೆ, ಛೇದ ಇಲ್ಲ. ಹೈಸ್ಕೂಲಿನ ಭಿನ್ನರಾಶಿ! ಅಷ್ಟೇ ಅಲ್ಲ, ಕಲ್ಲು ನಿಲ್ಲಿಸೋಕೆ ದುಡ್ಡು, ಪದವಿ ಇದ್ದವರು ಮಾತ್ರ ಈ ಅಂಶದಲ್ಲೂ ಇದ್ದಾರೆ. ಗಂಜಾಂನಲ್ಲಿ, ಕೋಟೆಯೊಳಗಿನ ಬೀದಿಗಳಲ್ಲಿ ಇದ್ದ ನಮ್ಮವರನ್ನೂ ಅದೇ ಸೊಳ್ಳೆ ಕಚ್ಚಿತ್ತು. ಅವರಿಗೆ ಕಲ್ಲೂ ಇಲ್ಲ, ಬೇರೆ ಊರಲ್ಲಿ ದಂಡೂ ಇಲ್ಲ.

ಇದು ಹಳೇ ಕಥೆ ಅಂತ ಹುಡುಗರು ಮರೆತುಬಿಡಬಹುದಿತ್ತು. ಆದ್ರೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಒಳ್ಳೇ ಕೆಲಸ ಮಾಡ್ತು. ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನ ದತ್ತು ತಗೊಂಡು, ಮತ್ತೆ ಮತ್ತೆ ಹೋಗಿ ಅವರ ಆರೋಗ್ಯ ವಿಚಾರಿಸ್ಬೇಕು. ಫಾರಂ ತುಂಬಿಸೋ ಶಾಸ್ತ್ರ ಅಂತ ಸಹೋದ್ಯೋಗಿಗಳು ನಗ್ತಾರೆ. ಶಾಸ್ತ್ರ ಹೌದು. ಆದ್ರೂ ಮೂರನೇ ಸಲ ಹೋದಾಗ ಆ ಮನೆಯವರು ಕಾಫಿ ಕೊಡ್ತಾರೆ, ನಾಲ್ಕನೇ ಸಲ ನಿಜ ಹೇಳ್ತಾರೆ.

ಹಾಗೆ ಒಂದು ಮನೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಫಾರಂ ತುಂಬಿಸ್ತಾ ಇದ್ಲು. ಇಬ್ಬರು ಹೆಣ್ಣುಮಕ್ಕಳು, ಆರು ವರ್ಷ ಬಿಟ್ಟು ಒಬ್ಬ ಗಂಡು. "ಮಧ್ಯದಲ್ಲಿ ಏನಾದ್ರೂ ತೊಂದ್ರೆ ಆಗಿತ್ತಾ ಅಕ್ಕಾ?" ಅಂದಳು. ಆಕೆ ಅತ್ತೆ ಇರೋ ಕಡೆ ಒಂದು ಸಲ ನೋಡಿ, "ಎರಡು ನಿಲ್ನಿಲ್ಲ ಕಣವ್ವ" ಅಂದ್ರು. ಹುಡುಗಿ ಇನ್ನೂ ಕೇಳೋಳಿದ್ಲು, ನಾನು ಕಣ್ಸನ್ನೆ ಮಾಡಿ ತಡೆದೆ. ನಾವು ಪೊಲೀಸರಲ್ಲ. ಬಸುರಿ ಇಳಿಯೋದಕ್ಕೆ ನೂರು ಕಾರಣ ಇರುತ್ತೆ. ಆ ಮನೆ ಬಾಗಿಲು ನಮಗೆ ತೆರೆದಿರೋದೂ ಮುಖ್ಯ.

ವ್ಯಾನಿನಲ್ಲಿ ವಾಪಸ್ ಬರುವಾಗ ಅವಳು ಸುಮ್ಮನಿರಲಿಲ್ಲ. 2023ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂದಿದ್ದು ನಿಮಗೂ ನೆನಪಿರಬೇಕು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸೋ ಜಾಗದಲ್ಲಿ, ಸ್ಕ್ಯಾನಿಂಗ್ ಮಾಡಿ ಹೆಣ್ಣು ಅಂತ ಹೇಳ್ತಿದ್ದ ಜಾಲವನ್ನ ಬೆಂಗಳೂರು ಪೊಲೀಸರು ಹಿಡಿದ್ರು. ಮರುವರ್ಷ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇನ್ನೊಂದು ಪ್ರಕರಣ. ಲಿಂಗ ಪತ್ತೆ ನಿಷೇಧದ ಕಾಯ್ದೆ ಬಂದಿದ್ದು 1994ರಲ್ಲಿ. ಆಲೆಮನೆ ಪ್ರಕರಣದಲ್ಲಿ ಬಂಧನವಾದವರಲ್ಲಿ ವೈದ್ಯರೂ ಇದ್ರು. ಅವರೂ ಯಾವುದೋ ಕಾಲೇಜಲ್ಲಿ, ನನ್ನಂಥವರ ಕ್ಲಾಸಲ್ಲಿ ಲಿಂಗಾನುಪಾತದ ವ್ಯಾಖ್ಯಾನ ಬರೆದೇ ಪಾಸಾಗಿರ್ತಾರಲ್ಲ, ಅನ್ನೋದು ನನ್ನನ್ನ ಬಿಟ್ಟಿಲ್ಲ.

"ನಮ್ಮ ಹಳ್ಳೀಲಿ ಈ ವರ್ಷ ಹನ್ನೆರಡು ಗಂಡು, ಏಳು ಹೆಣ್ಣು ಹುಟ್ಟಿದೆ ಮೇಡಂ. ಇದೇ ಸಾಕ್ಷಿ ಅಲ್ವಾ?" ಅಂದಳು.

ಅಲ್ಲ ಅಂದೆ. ಹತ್ತೊಂಬತ್ತು ಹೆರಿಗೆಯಲ್ಲಿ ಹಾಗಾಗೋದು ಬರೀ ಆಕಸ್ಮಿಕವೂ ಇರಬಹುದು, ಪಕ್ಕದ ಊರಲ್ಲಿ ತಿರುಗುಮುರುಗಾಗಿರುತ್ತೆ. ತಾಲ್ಲೂಕಿನ ಸಾವಿರಾರು ಹೆರಿಗೆ ಕೂಡಿಸಿ, ಹಲವು ವರ್ಷ ನೋಡ್ಬೇಕು. ಸಾವಿರ ಗಂಡಿಗೆ ಸುಮಾರು 950 ಹೆಣ್ಣು ಪ್ರಕೃತಿಯ ಲೆಕ್ಕ. ಅದಕ್ಕಿಂತ ತೀರಾ ಕೆಳಗಿದ್ರೆ ಮಾತ್ರ ಕಾಣೆಯಾದವರ ಸುಳಿವು ಸಿಗುತ್ತೆ. ಜನನದ ರಿಜಿಸ್ಟರಿನಲ್ಲೂ ಇಲ್ಲ, ಮರಣದ ರಿಜಿಸ್ಟರಿನಲ್ಲೂ ಇಲ್ಲ. ಅಂಶವೂ ಅಲ್ಲ, ಛೇದವೂ ಅಲ್ಲ.

ಅವಳು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡ್ತಾ ಕೂತಿದ್ದು, ಫಾರಂ ತೆಗೆದು ಗರ್ಭಪಾತದ ಕಾಲಂನಲ್ಲಿ 2 ಅಂತ ಬರೆದಳು. ಕಾರಣ ಅನ್ನೋ ಜಾಗ ಖಾಲಿ ಬಿಟ್ಟಳು. ಸರಿಯಾಗೇ ಬರೆದಿದ್ಲು, ಸಹಿ ಹಾಕಿದೆ.

ಮುಂದಿನ ಭೇಟಿ ಈ ಶನಿವಾರ. ಆ ಅತ್ತೆಗೆ ಬಿಪಿ ಜಾಸ್ತಿ ಇದೆ, ಮಾತ್ರೆ ತಗೋತಿದಾರಾ ನೋಡ್ಬೇಕು.