ಹೇಳಲು ಬಾರದ ಉಪಾಯ

ಮಕ್ಕಳೇ, ನಾನು ಏಳನೇ ತರಗತಿಯಲ್ಲಿದ್ದಾಗ ಜೋಳದ ಹೊಲಕ್ಕೆ ಬರುವ ಗಿಳಿಗಳನ್ನು ಓಡಿಸಲು ಒಂದು ಉಪಾಯ ಮಾಡಿದ್ದೆ. ಉದ್ದನೆಯ ಕೋಲಿನ ನಡುವೆ ಮೊಳೆ ಹೊಡೆದು ಗೂಟಕ್ಕೆ ಸಿಕ್ಕಿಸಿ, ಒಂದು ತುದಿಗೆ ಡಬ್ಬ ಕಟ್ಟಿದ್ದೆ. ಕಾಲುವೆಯ ನೀರು ಡಬ್ಬಕ್ಕೆ ಬೀಳುತ್ತಿತ್ತು. ತುಂಬಿದಾಗ ಡಬ್ಬ ಕೆಳಗೆ ಬಾಗಿ ನೀರು ಚೆಲ್ಲುತ್ತಿತ್ತು. ಆಗ ಕೋಲಿನ ಇನ್ನೊಂದು ತುದಿ ಹಳೆಯ ತಟ್ಟೆಗೆ ಠಣ್ ಎಂದು ಬಡಿಯುತ್ತಿತ್ತು. ಗಿಳಿಗಳು ಹಾರಿಹೋಗುತ್ತಿದ್ದವು.

ಅದನ್ನು ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಯ್ದೆ. ಅಲ್ಲಿ ಕಾಲುವೆ ಎಲ್ಲಿಂದ ಬರಬೇಕು? ತೀರ್ಪುಗಾರರು ಬಂದು, “ಇದು ಹೇಗೆ ಕೆಲಸ ಮಾಡುತ್ತದೆ?” ಎಂದರು. “ಅದು ತುಂಬುತ್ತೆ ಸಾರ್, ಆಮೇಲೆ ಬೀಳುತ್ತೆ, ಆಗ ಅದು ಹೊಡೆಯುತ್ತೆ” ಎಂದೆ. “ಯಾವುದು?” ಎಂದು ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಅವರು ಮುಂದಿನ ಮೇಜಿಗೆ ಹೋದರು. ಬಹಳ ದಿನ ಆ ತೀರ್ಪುಗಾರರ ಮೇಲೆ ನನಗೆ ಸಿಟ್ಟಿತ್ತು.

ನನಗಾದದ್ದೇ ರೈಟ್ ಸಹೋದರರಿಗೂ ಆಗಿತ್ತೆಂದು ತಿಳಿದದ್ದು ದೊಡ್ಡವನಾದ ಮೇಲೆ. ವಿಲ್ಬರ್ ಮತ್ತು ಆರ್ವಿಲ್ ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. 1903ರ ಮಾರ್ಚ್ 23ರಂದು, ಅಂದರೆ ಎಂಜಿನ್ ಇರುವ ವಿಮಾನ ಹಾರಿಸುವ ಒಂಬತ್ತು ತಿಂಗಳ ಮೊದಲೇ, ತಮ್ಮ ಗ್ಲೈಡರಿಗೆ ಪೇಟೆಂಟ್ ಕೊಡಿ ಎಂದು ಅರ್ಜಿ ಹಾಕಿದರು. ಪೇಟೆಂಟ್ ಎಂದರೆ ಸರ್ಕಾರದೊಂದಿಗೆ ಮಾಡಿಕೊಳ್ಳುವ ಒಂದು ಒಪ್ಪಂದದಂತೆ. ನಿಮ್ಮ ಉಪಾಯವನ್ನು ಬಲ್ಲವರು ಓದಿ ಮಾಡಬಲ್ಲಷ್ಟು ಪೂರ್ತಿಯಾಗಿ ಬರೆದುಕೊಡಬೇಕು. ಅದಕ್ಕೆ ಬದಲಾಗಿ ಕೆಲವು ವರ್ಷ ನಿಮ್ಮ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ. ನಮ್ಮ ದೇಶದಲ್ಲಿ ಈಗ ಈ ಅವಧಿ 20 ವರ್ಷ.

ಅಣ್ಣತಮ್ಮಂದಿರು ಅರ್ಜಿಯನ್ನು ತಾವೇ ಬರೆದಿದ್ದರು. ಪೇಟೆಂಟ್ ಕಚೇರಿ ಅದನ್ನು ಒಪ್ಪಲಿಲ್ಲ. ವಿವರಣೆ ಅಸ್ಪಷ್ಟವಾಗಿದೆ, ಈ ಯಂತ್ರ ಕೆಲಸ ಮಾಡಲಾರದು ಎಂದಿತು. ಆಗ ಅವರು ಏನು ಮಾಡಿದರು ಗೊತ್ತೇ? ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಕಳುಹಿಸಿಕೊಟ್ಟರು!

ನಗಬೇಡಿ. ಟೂತ್‌ಪೇಸ್ಟಿನ ಖಾಲಿ ಪೆಟ್ಟಿಗೆಯೊಂದನ್ನು ತಂದು ಎರಡೂ ಬದಿಯ ಮುಚ್ಚಳ ತೆರೆಯಿರಿ. ಅದನ್ನು ಅಡ್ಡಲಾಗಿ ಹಿಡಿದುಕೊಳ್ಳಿ. ಅದರ ಮೇಲಿನ ಮತ್ತು ಕೆಳಗಿನ ಹಾಳೆಗಳೇ ವಿಮಾನದ ಎರಡು ರೆಕ್ಕೆಗಳು ಎಂದುಕೊಳ್ಳಿ. ಈಗ ಒದ್ದೆ ಬಟ್ಟೆ ಹಿಂಡುವಂತೆ ಮೆಲ್ಲಗೆ ತಿರುಚಿ. ಬಲತುದಿಯ ಮುಂದಿನ ಅಂಚು ಮೇಲಕ್ಕೆದ್ದರೆ ಎಡತುದಿಯದು ಕೆಳಗಿಳಿಯುತ್ತದೆ. ಎದುರು ಗಾಳಿಯಲ್ಲಿ ಹೀಗಾದರೆ ಬಲ ರೆಕ್ಕೆಗೆ ಎತ್ತುವ ಬಲ ಹೆಚ್ಚು, ಎಡಕ್ಕೆ ಕಡಿಮೆ. ವಿಮಾನ ಎಡಕ್ಕೆ ವಾಲುತ್ತದೆ. ಗಾಳಿಯ ಹೊಡೆತಕ್ಕೆ ವಿಮಾನ ಒಂದು ಕಡೆ ವಾಲಿದರೆ ರೆಕ್ಕೆಯನ್ನು ಹೀಗೆ ತಿರುಚಿ ನೇರ ಮಾಡಬಹುದು. 1899ರಲ್ಲಿ ಅಂಗಡಿಯಲ್ಲಿ ಇಂಥದೇ ಪೆಟ್ಟಿಗೆ ಕೈಯಲ್ಲಿದ್ದಾಗ ವಿಲ್ಬರ್‌ಗೆ ಇದು ಹೊಳೆದಿತ್ತು.

ಆದರೆ ಕಚೇರಿಯ ಪರೀಕ್ಷಕರಿಗೆ ಆ ಪೆಟ್ಟಿಗೆಯಿಂದ ಏನೂ ತಿಳಿಯಲಿಲ್ಲ. ಒಬ್ಬ ನುರಿತ ಪೇಟೆಂಟ್ ವಕೀಲರನ್ನು ಹಿಡಿಯಿರಿ ಎಂಬ ಸಲಹೆ ಬಂತು.

1904ರ ಜನವರಿಯಲ್ಲಿ, ವಿಮಾನ ಹಾರಿದ ಮರುತಿಂಗಳು, ವಿಲ್ಬರ್ ಪಕ್ಕದ ಸ್ಪ್ರಿಂಗ್‌ಫೀಲ್ಡ್ ಊರಿನ ವಕೀಲ ಹ್ಯಾರಿ ಟೂಲ್ಮಿನ್ ಅವರನ್ನು ಕಂಡರು. ಟೂಲ್ಮಿನ್ ವಿಮಾನ ಕಟ್ಟಿದವರಲ್ಲ, ಹಾರಿದವರೂ ಅಲ್ಲ. ಆದರೆ ಇಲ್ಲಿ ನಿಜವಾಗಿ ಹೊಸದು ಯಾವುದು ಎಂಬುದನ್ನು ಅವರು ಹಿಡಿದುಕೊಂಡರು. ರೆಕ್ಕೆ ಹಳೆಯದು, ಗ್ಲೈಡರ್ ಕೂಡ ಹಳೆಯದು. ಎಡಬಲ ರೆಕ್ಕೆಗಳ ಅಂಚಿನ ಕೋನವನ್ನು ಬೇರೆ ಬೇರೆ ಮಾಡಿ ಸಮತೋಲ ಕಾಯುವ ವಿಧಾನ ಹೊಸದು. ತಿರುಚುವುದು ಅದಕ್ಕೆ ಒಂದು ದಾರಿ ಮಾತ್ರ, ಬೇರೆ ರೀತಿಯಲ್ಲಿ ಮಾಡಿದರೂ ಈ ಹಕ್ಕಿನೊಳಗೇ ಬರುತ್ತದೆ ಎನ್ನುವಂತೆ ಅವರು ಅರ್ಜಿ ಬರೆದರು. ಅಲ್ಲಿಯವರೆಗೆ ಗುಟ್ಟು ಬಿಡಬೇಡಿ ಎಂದೂ ಸಲಹೆ ಕೊಟ್ಟರು. 1906ರ ಮೇ 22ರಂದು 8,21,393ನೇ ಸಂಖ್ಯೆಯ ಪೇಟೆಂಟ್ ಸಿಕ್ಕಿತು. ವಿಶೇಷವೆಂದರೆ, ಅದು ಎಂಜಿನ್ನಿಲ್ಲದ ಗ್ಲೈಡರಿನದು!

ಮುಂದೆ ಗ್ಲೆನ್ ಕರ್ಟಿಸ್ ಎಂಬುವರು ರೆಕ್ಕೆ ತಿರುಚದೆ, ತುದಿಗಳಲ್ಲಿ ಬೇರೆಯೇ ಚಿಕ್ಕ ಹಲಗೆಗಳನ್ನಿಟ್ಟು ವಿಮಾನ ಹಾರಿಸಿದರು. 1909ರಲ್ಲಿ ಸಹೋದರರು ಕೋರ್ಟಿಗೆ ಹೋದರು. 1914ರಲ್ಲಿ ಮೇಲಿನ ಕೋರ್ಟು ರೈಟ್ ಪರ ತೀರ್ಪು ಕೊಟ್ಟಿತು. ಟೂಲ್ಮಿನ್ ಬರೆದ ಮಾತುಗಳು ಗೆದ್ದವು. ಅಷ್ಟರಲ್ಲಿ ವಿಲ್ಬರ್ ಟೈಫಾಯ್ಡ್‌ನಿಂದ ತೀರಿಕೊಂಡು ಎರಡು ವರ್ಷವಾಗುತ್ತಾ ಬಂದಿತ್ತು. ಮೊಕದ್ದಮೆಗಳಲ್ಲೇ ಕಳೆದ ಆ ವರ್ಷಗಳಲ್ಲಿ ಅವರು ಇನ್ನೂ ಒಳ್ಳೆಯ ವಿಮಾನ ಕಟ್ಟಬಹುದಿತ್ತಲ್ಲವೇ ಎಂದು ನನಗೆ ಅನಿಸುತ್ತದೆ. ಹಾಗೆಂದು ಅವರ ಉಪಾಯವನ್ನು ಕಂಡಕಂಡವರಿಗೆ ಬಿಟ್ಟುಕೊಡಬೇಕಿತ್ತೇ? ಅದಕ್ಕೂ ಮನಸ್ಸು ಒಪ್ಪುವುದಿಲ್ಲ. ನೀವೇ ನಿಮ್ಮ ತರಗತಿಯಲ್ಲಿ ಚರ್ಚಿಸಿ.

ಇಂಥ ಕೆಲಸ ಮಾಡುವ ಪೇಟೆಂಟ್ ಏಜೆಂಟರು ನಮ್ಮಲ್ಲೂ ಇದ್ದಾರೆ. ಅವರು ವಿಜ್ಞಾನ ಅಥವಾ ಎಂಜಿನಿಯರಿಂಗ್‌ನಂಥ ಪದವಿ ಓದಿ, ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಬೇಕು.

ಇತ್ತೀಚೆಗೆ ನನ್ನ ಗಿಳಿ ಓಡಿಸುವ ಉಪಾಯವನ್ನು ಬರೆದು ನೋಡೋಣ ಎಂದು ಕುಳಿತೆ. ಪೇಟೆಂಟ್ ಚಿತ್ರಗಳಲ್ಲಿರುವಂತೆ ಕೋಲಿಗೆ 1, ಡಬ್ಬಕ್ಕೆ 2, ತಟ್ಟೆಗೆ 3 ಎಂದು ಸಂಖ್ಯೆ ಹಾಕಿ ಒಂದು ಪುಟ ಬರೆದೆ. ಪಕ್ಕದ ಮನೆಯ ಆರನೇ ತರಗತಿ ಹುಡುಗಿಗೆ ಕೊಟ್ಟು, “ಓದಿ ಮಾಡು, ನನ್ನನ್ನು ಏನೂ ಕೇಳಬೇಡ” ಎಂದೆ. ಸಂಜೆ ಹಾಳೆ ಹಿಡಿದುಕೊಂಡು ಬಂದಳು.

“ತಾತ, ಡಬ್ಬ ಖಾಲಿಯಾದ ಮೇಲೆ ಮತ್ತೆ ಮೇಲಕ್ಕೆ ಬರೋದು ಹೇಗೆ?”

ಕೋಲಿನ ಇನ್ನೊಂದು ತುದಿಗೆ ಕಟ್ಟಿದ್ದ ಕಲ್ಲನ್ನು ನಾನು ಬರೆದೇ ಇರಲಿಲ್ಲ. ಈ ಲೇಖನದ ಮೊದಲಲ್ಲೂ ಬರೆದಿಲ್ಲ, ಬೇಕಾದರೆ ನೋಡಿ.