ತಿರುಗಣಿ ಹತ್ತಿದ ಸ್ಪೀಕರ್

ಅಪ್ಪನ ಮಾರುತಿ 800ರ ಹಿಂದಿನ ಸೀಟಿನ ಬೆನ್ನಿಗೆ ಪ್ಲೈವುಡ್ ಟ್ರೇ ಕೂರಿಸಿ, ಜೆ.ಸಿ. ರಸ್ತೆಯಲ್ಲಿ ಒಂದು ಜೊತೆ ಸಿಕ್ಸ್ ಬೈ ನೈನ್ ಸ್ಪೀಕರ್ ಹಾಕಿಸಿದ್ದೆ. ಚೆನ್ನಾಗೇ ಹಾಡುತ್ತಿದ್ದವು. ಅಲ್ಲಿಗೆ ನಿಲ್ಲಿಸಬೇಕಿತ್ತು. ಪಿಕ್‌ನಿಕ್ಕಿಗೆ ಹೋದಾಗ ಡಿಕ್ಕಿ ಎತ್ತಿ ಗುಂಡಿ ಒತ್ತಿದರೆ ಎರಡೂ ಸ್ಪೀಕರ್ ಗರ್ರನೆ ಹೊರಗೆ ಮುಖ ಮಾಡಬೇಕು, ಗೆಳೆಯರು ಬಾಯಿ ಬಿಡಬೇಕು ಎಂಬ ಹುಚ್ಚು ಹತ್ತಿತು.

“ಹಾಡು ಕೇಳೋದಕ್ಕೆ ಸ್ಪೀಕರ್ ಯಾಕೋ ತಿರುಗ್ಬೇಕು?” ಅಂದರು ಅಪ್ಪ. ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಗುಜರಿಯಿಂದ ಹಳೇ ವೈಪರ್ ಮೋಟಾರ್ ತಂದೆ. ಕಾರಿನ 12 ವೋಲ್ಟಿಗೇ ಓಡುತ್ತದೆ. ಒಳಗೆ ವರ್ಮ್ ಗೇರ್ ಇರುವುದರಿಂದ ಕರೆಂಟು ನಿಂತ ಮೇಲೆ ಹಂಪ್ ಎಗರಿದರೂ ಕದಲುವುದಿಲ್ಲ. ಈ ಲೆಕ್ಕವೇನೋ ಸರಿಯಿತ್ತು. ಟ್ರೇ ಕೊಯ್ದೆಸೆದು, ದುಂಡನೆಯ ಪ್ಲೈವುಡ್ಡಿನ ಅಡಿಗೆ ಬೇರಿಂಗು, ಮೇಲೆ ನೆಟ್ಟಗೊಂದು ಹಲಗೆ, ಅದಕ್ಕೆ ಸ್ಪೀಕರು. ತಿರುಗಿದ್ದು ಸಾಕಾದಾಗ ತಾನೇ ಕರೆಂಟು ಕಡಿಯುವ ಲಿಮಿಟ್ ಸ್ವಿಚ್ ಹಾಕಿ ಎಂದು ಎಸ್.ಪಿ. ರಸ್ತೆಯ ಅಂಗಡಿಯವರು ಹೇಳಿದ್ದರು. ಬೆರಳು ತೆಗೆದರೆ ನಿಲ್ಲುತ್ತದಲ್ಲ ಎಂದು ದುಡ್ಡು ಉಳಿಸಿದೆ.

ಆ ಮೋಟಾರಿನದು ನಿಮಿಷಕ್ಕೆ ಸುಮಾರು 40 ಸುತ್ತು. ಅರ್ಧ ಸುತ್ತಿಗೆ ಮುಕ್ಕಾಲು ಸೆಕೆಂಡು. ಹಲಗೆ ರೊಯ್ಯನೆ ತಿರುಗಿದ್ದೇ ತಡ, ಗಾಬರಿಯಲ್ಲಿ ಗುಂಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿಬಿಟ್ಟೆ. ಕೈ ಬಿಡುವಷ್ಟರಲ್ಲಿ ಮೂರು ಸುತ್ತು ಮುಗಿದು, ವೈರುಗಳು ಜಡೆ ಹೆಣೆದುಕೊಂಡು, ಒಂದು ಟರ್ಮಿನಲ್ ಕಿತ್ತೇ ಬಂದಿತ್ತು.

ಅದನ್ನು ಬೆಸುಗೆ ಹಾಕಿ ಸರಿಮಾಡಿದೆ. ಹಾಡು ಹಾಕಿದರೆ ತಬಲಾದ ಎಡಗೈ ಕೇಳಿಸುತ್ತಲೇ ಇಲ್ಲ! ವಾಲ್ಯೂಮ್ ಏರಿಸಿದರೆ ಬರೀ ಕೀರಲು. ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಅದರ ಬೆನ್ನು ಅಷ್ಟೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಟ್ರೇ ಇದ್ದಾಗ ಬೆನ್ನಿನ ಶಬ್ದ ಡಿಕ್ಕಿಯೊಳಗೇ ಉಳಿಯುತ್ತಿತ್ತು. ಈಗ ಬೋಳು ಹಲಗೆಯ ಅಂಚು ಬಳಸಿ ಮುಂದೆ ಬಂದು ಬೇಸನ್ನೆಲ್ಲ ನುಂಗುತ್ತಿತ್ತು. ನಾನು ಕೊಯ್ದೆಸೆದ ಟ್ರೇಯೇ ಅರ್ಧ ಸ್ಪೀಕರ್ ಆಗಿತ್ತು.

ಹ್ಯಾಮಂಡ್ ಆರ್ಗನ್ನಿನ ಜೊತೆಗೆಂದು ಅಮೆರಿಕದ ಡೊನಾಲ್ಡ್ ಲೆಸ್ಲಿ ಮಾಡಿದ ಪೆಟ್ಟಿಗೆಯ ಬಗ್ಗೆ ಓದಿದ್ದು ಇದೆಲ್ಲ ಆದಮೇಲೆ. ಅವರಿಗೆ ಬೇಕಿದ್ದದ್ದು ಶಬ್ದದ ನಡುಕ, ಅದು ಬೇರೆ ಮಾತು. ಆದರೆ ಆ ಪೆಟ್ಟಿಗೆಯಲ್ಲಿ ಸ್ಪೀಕರ್ ಕೂತಲ್ಲೇ ಕೂತಿರುತ್ತದೆ. ತಿರುಗುವುದು ಮೇಲಿನ ಕಹಳೆ, ಕೆಳಗಿನ ಡ್ರಮ್ಮು. ವೈರಿಗೆ ತಿರುಗುವ ಗೊಡವೆಯೇ ಇಲ್ಲ.

ಹೊಸ ಟ್ರೇ ಮಾಡಿಸಲು ಅಪ್ಪನನ್ನು ಕೂರಿಸಿಕೊಂಡು ಮತ್ತೆ ಜೆ.ಸಿ. ರಸ್ತೆಗೇ ಹೋದೆ.

“ಹಳೇದು ಏನಾಯ್ತು ಸಾರ್?” ಅಂದ ಅಂಗಡಿ ಹುಡುಗ.

“ಯಾರೋ ಕದ್ದುಬಿಟ್ರು.”

“ಸ್ಪೀಕರ್ ಬಿಟ್ಟು ಟ್ರೇ ಒಂದನ್ನೇ?”

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು.