ಹೊಲದ ಒಡ್ಡು

ಘಟಪ್ರಭೆಯು ಗೋಕಾಕ ಫಾಲ್ಸಿನಲ್ಲಿ 52 ಮೀಟರು ಕೆಳಗೆ ಧುಮ್ಮಿಕ್ಕುವ ವೈಭವವನ್ನು ಕಾಣಲು ದೂರದೂರದಿಂದ ಜನರು ಬರುತ್ತಾರೆ. ಅದರ ಮೇಲ್ಗಡೆ ಧೂಪದಾಳದ ಒಡ್ಡು; ಇನ್ನೂ ಮೇಲೆ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ. ಇವುಗಳ ಕೀರ್ತಿ ಎಲ್ಲರಿಗೂ ವಿದಿತವಾದುದು. ಆದರೆ ಕಾಲುವೆಯ ನೀರು ಏರದ ಮಡ್ಡಿಯ ಹೊಲಗಳಲ್ಲಿ ರೈತನು ಸ್ವಂತಕ್ಕೆ ಕಟ್ಟಿಕೊಂಡ ಮಣ್ಣಿನ ಒಡ್ಡುಗಳನ್ನು ಕುರಿತು ಬರೆದವರು ವಿರಳ.

ಹುಕ್ಕೇರಿ ತಾಲೂಕಿನ ನಮ್ಮ ಹೊಲದಲ್ಲಿಯೂ ಅಂಥದೊಂದುಂಟು. ಅಜ್ಜನವರು ತಗಾವಿ ಸಾಲ ಪಡೆದು ಕಟ್ಟಿಸಿದ್ದು. ಇಂಥ ಸಾಲಕ್ಕೆ 1883ರ ಕಾಯಿದೆಯೇ ಆಧಾರವಾಗಿತ್ತು. ವಡ್ಡರು ಬಂದು, ಹಳ್ಳದ ತಳವನ್ನು ಗಟ್ಟಿ ನೆಲ ಸಿಗುವವರೆಗೆ ಅಗೆದು, ಜಿಗುಟು ಮಣ್ಣನ್ನು ಗೇಣುದ್ದದ ಪದರುಗಳಲ್ಲಿ ಹಾಕಿ, ನೀರು ಚಿಮುಕಿಸಿ ಎತ್ತುಗಳಿಂದ ತುಳಿಸಿದರಂತೆ. ಎರೆಮಣ್ಣು ಬೇಸಗೆಯಲ್ಲಿ ಬಿರಿಯುವುದರಿಂದ ಮೇಲೆ ಗರಸು ಹಾಸಿದರು. ಒಂದು ಮಗ್ಗುಲಿಗೆ ಕಲ್ಲು ಹೊಂದಿಸಿದ ಕೋಡಿ. ಒಡ್ಡಿನ ಜೀವವಿರುವುದು ಕೋಡಿಯಲ್ಲಿಯೇ ಎಂದು ನನ್ನ ನಂಬಿಕೆ. ನೀರು ಏರಿಯ ನೆತ್ತಿಯನ್ನು ಹತ್ತಿತೆಂದರೆ ಮಣ್ಣು ಒಂದು ರಾತ್ರಿಯೂ ನಿಲ್ಲದು. ಮಳೆಗಾಲ ಕಳೆದು ನೀರು ಇಂಗಿದ ಮೇಲೆ ಆ ಹೂಳಿನ ಹಸಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುತ್ತಿತ್ತು. ಕೆಳಗಿನ ಬಾವಿಗಳಿಗೆ ಸೆಲೆ ಬರುತ್ತಿತ್ತು.

ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಒಡ್ಡನೆಂದು ಜರೆದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ಶ್ರೀಮಠದಲ್ಲಿ ಕೇಳಿದಾಗ ನನ್ನ ಮನಸ್ಸು ಮಣ್ಣು ಹೊರುವವರ ಪಕ್ಷವನ್ನೇ ವಹಿಸಿತ್ತು. ಪ್ರಭುದೇವರು ಕ್ಷಮಿಸಲಿ.

ಅಜ್ಜನವರ ತರುವಾಯ ಹೊಲ ಮೂರು ಪಾಲಾಯಿತು. ವಾಟಣಿಪತ್ರದಂತೆ ಏರಿ ನಮ್ಮ ಪಾಲಿಗೆ, ನೀರು ನಿಲ್ಲುವ ನೆಲ ದೊಡ್ಡಪ್ಪನವರ ಮಕ್ಕಳಿಗೆ, ಕೋಡಿ ಕಾಕಾನವರಿಗೆ. ಒಡ್ಡನ್ನು ದುರಸ್ತಿ ಮಾಡಬೇಕಾದವರಾರು ಎಂಬುದನ್ನು ಪತ್ರ ಬರೆದವರು ಮರೆತರು. ಜಾಲಿಯ ಬೇರು ಏರಿಯೊಳಗಿಳಿಯಿತು. ಹೆಗ್ಗಣಗಳು ಬಿಲ ತೋಡಿದವು. ಕೋಡಿಯಲ್ಲಿ ಹೂಳು ತುಂಬಿತು. 2019ರ ಆಗಸ್ಟದಲ್ಲಿ ಘಟಪ್ರಭೆ ಮಾರ್ಕಂಡೇಯಗಳು ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದಾಗ ನಮ್ಮ ಹಳ್ಳವೂ ತುಂಬಿತು. ಒಡ್ಡಿನ ಕೆಳಗೆ ಎರಡು ಮನೆಗಳಿದ್ದವು. ಆ ಜನರನ್ನು ಮೊದಲು ಗುಡಿಗೆ ಸಾಗಿಸಿ, ಕಂದೀಲಿನ ಬೆಳಕಿನಲ್ಲಿ ಕೋಡಿಯ ಹೂಳೆತ್ತಿದೆವು. ಏರಿ ಉಳಿಯಿತು, ಅದರ ಹೊರಮೈ ಮಾತ್ರ ಎರಡು ಮಾರು ಕುಸಿಯಿತು.

ಒಡ್ಡನ್ನೇ ಕೆಡವಿ ಕಬ್ಬು ಹಚ್ಚಬೇಕೆಂಬುದು ದೊಡ್ಡಪ್ಪನವರ ಮಕ್ಕಳ ವಾದ. ಅಪಾಯವಿರುವುದು ನಿಜ, ಆದರೆ ಒಡ್ಡು ಹೋದರೆ ಬಾವಿಗಳೂ ಹೋದಾವು. ಕಾಕಾನವರು ಕೋಡಿಯನ್ನು ಅಗಲಿಸಲು ಒಪ್ಪಿದ್ದಾರೆ. ಏರಿಯಲ್ಲಿ ಒಂದಂಗುಲವೂ ಹಕ್ಕಿಲ್ಲದ ಕೆಳಗಿನ ಹೊಲದವರು ತಮ್ಮ ಬಾವಿಯ ಸಲುವಾಗಿ ಎರಡು ದಿನ ಟ್ರ್ಯಾಕ್ಟರು ಕೊಡಲು ಮುಂದೆ ಬಂದಿದ್ದಾರೆ. ದೊಡ್ಡಪ್ಪನವರ ಮನೆಯಿಂದ ಇನ್ನೂ ಉತ್ತರ ಬರಬೇಕಾಗಿದೆ.